ಜೋಶಾಂದ ಮನೆಯಲ್ಲಿರಲಿ, ಲಸಿಕೆ ಮೊದಲು ಆಗಲಿ

ಸೆಪ್ಟೆಂಬರ್ ಕಳೆದು ಹಿಂಗಾರು ಮಳೆ ಹಿಡಿಯುವ ಹೊತ್ತಿಗೆ ನಮ್ಮ ಲೊಕ್ಕನಹಳ್ಳಿ ಕಡೆ ಮನೆಮನೆಯಲ್ಲೂ ಕೆಮ್ಮು ಕೇಳಿಸತೊಡಗುತ್ತದೆ. ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ಸಂಜೆ ಮಳೆ, ಫಜ್ರ್ ನಮಾಝಿಗೆ ಹೊರಟರೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಕೊರೆಯುವ ಗಾಳಿ. ಒಡೆಯರಪಾಳ್ಯದ ಟಿಬೆಟನ್ನರು ಸ್ವೆಟರ್ ಗಂಟು ಕಟ್ಟಿಕೊಂಡು ವ್ಯಾಪಾರಕ್ಕೆ ಹೊರಡುವ ಕಾಲ ಇದು. ಈ ದಿನಗಳಲ್ಲಿ ಯುನಾನಿ ವೈದ್ಯರ ಬಳಿ ಬರುವವರು ಕೇಳುವ ಮೊದಲ ಮಾತು, "ಹಕೀಂ ಸಾಬ್, ಒಂದು ಒಳ್ಳೆ ಜೋಶಾಂದ ಬರೆದುಕೊಡಿ" ಎಂದು. ಬರೆದುಕೊಡುತ್ತೇನೆ. ಆದರೆ ಅದಕ್ಕೆ ಮೊದಲು ನಿಮ್ಮನ್ನು ಕೆಲವು ಪ್ರಶ್ನೆ ಕೇಳಬೇಕು. ಮನೆಯಲ್ಲಿ ಅರವತ್ತು ದಾಟಿದವರು ಯಾರಿದ್ದಾರೆ? ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಯಾರಿಗಿದೆ? ಬಸುರಿ ಸೊಸೆ ಇದ್ದಾಳೆಯೇ? ಐದು ವರ್ಷದೊಳಗಿನ ಮಗುವಿದೆಯೇ? ಅವರಿಗೆ ಫ್ಲೂ ಲಸಿಕೆ ಹಾಕಿಸಿದ್ದೀರಾ?

ಹೆಚ್ಚಿನವರು ಅಚ್ಚರಿಯಿಂದ ನೋಡುತ್ತಾರೆ. ನೆಗಡಿಗೂ ಲಸಿಕೆಯೇ ಎನ್ನುತ್ತಾರೆ. ಅದೂ ಯುನಾನಿ ವೈದ್ಯರು ಹೇಳುವುದೇ!

ನೆಗಡಿ ಬೇರೆ, ಫ್ಲೂ ಬೇರೆ. ನೆಗಡಿ ನಿಧಾನವಾಗಿ ಬರುತ್ತದೆ. ಮೂಗು ಸೀನಿಕೊಂಡೇ ಹೊಲಕ್ಕೆ ಹೋಗಿ ಮುಸುಕಿನ ಜೋಳ ಮುರಿದು ಬರಬಹುದು. ಫ್ಲೂ ಹಾಗಲ್ಲ. ಬೆಳಗ್ಗೆ ಚೆನ್ನಾಗಿದ್ದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ. ಸುಡುವ ಜ್ವರ, ಚಳಿ, ಸೊಂಟ ಮತ್ತು ಕೈಕಾಲುಗಳನ್ನು ಹಿಂಡಿದಂಥ ನೋವು, ಒಣಕೆಮ್ಮು, ಎದ್ದು ನಿಲ್ಲಲಾರದ ಸುಸ್ತು. ಗಟ್ಟಿಮುಟ್ಟಾದವರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಮ್ಮು ಮಾತ್ರ ಇನ್ನೂ ಕೆಲವು ದಿನ ಕಾಡುತ್ತದೆ. ಆದರೆ ಎಲ್ಲರ ಮೈಯೂ ಗಟ್ಟಿಯಲ್ಲ. ವಯಸ್ಸಾದವರಲ್ಲಿ ಅದು ಎದೆಗಿಳಿದು ನ್ಯುಮೋನಿಯಾ ಆಗುತ್ತದೆ, ಹತೋಟಿಯಲ್ಲಿದ್ದ ಸಕ್ಕರೆ ಏರುತ್ತದೆ, ದುರ್ಬಲ ಹೃದಯ ಸೋಲುತ್ತದೆ. ಆಗ ಮನೆಯವರು "ದಾದಿ ನ್ಯುಮೋನಿಯಾ ಆಗಿ ತೀರಿಕೊಂಡರು" ಎನ್ನುತ್ತಾರೆ. ಹತ್ತು ದಿನ ಮೊದಲು ಶಾಲೆಯಿಂದ ಮೊಮ್ಮಗ ಹೊತ್ತು ತಂದ ಜ್ವರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದು ದೂರದ ಮಾತಲ್ಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂವಿನಿಂದ ದೇಶದಲ್ಲಿ ಇಬ್ಬರು ತೀರಿಕೊಂಡಿದ್ದಾರೆಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿದಾಗ, ಅವರಲ್ಲಿ ಒಬ್ಬರು ನಮ್ಮದೇ ರಾಜ್ಯದ ಹಾಸನ ಜಿಲ್ಲೆಯ ಹಿರಿಯರಾಗಿದ್ದರು. ಇನ್ನೂ ಹಿಂದೆ ಹೋದರೆ 1918. ಆಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬೊಂಬಾಯಿ ಬಂದರಿನಲ್ಲಿ ಇಳಿದ ಫ್ಲೂ ಆ ವರ್ಷದ ಅಕ್ಟೋಬರ್ ಸುಮಾರಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಉಗ್ರ ರೂಪ ತಾಳಿತು. ಇಡೀ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಆಗ ಹಕೀಮರ ಬಳಿಯೂ ಡಾಕ್ಟರರ ಬಳಿಯೂ ಕಷಾಯ ಮತ್ತು ಆರೈಕೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಮನುಷ್ಯನ ಫ್ಲೂ ವೈರಸ್ಸನ್ನು ಗುರುತಿಸಿದ್ದೇ 1933ರಲ್ಲಿ. ಲಸಿಕೆ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ನಮ್ಮ ಮುತ್ತಜ್ಜಂದಿರಿಗೆ ಸಿಗದ ಒಂದು ರಕ್ಷಣೆ ನಮಗೆ ಸಿಗುತ್ತಿದೆ.

ಖರೀಫ್ ಎಂಬ ಕಾಯಿಲೆಗಳ ಕಾಲ

ಯುನಾನಿ ವೈದ್ಯರಾಗಿ ಲಸಿಕೆಯ ಪರ ಮಾತಾಡುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದ ಆರಂಭದಲ್ಲೇ ವೈದ್ಯಶಾಸ್ತ್ರಕ್ಕೆ ಎರಡು ಕೆಲಸಗಳನ್ನು ಕೊಟ್ಟಿದ್ದಾರೆ: ಇರುವ ಆರೋಗ್ಯವನ್ನು ಕಾಯುವುದು, ಕಳೆದುಹೋದ ಆರೋಗ್ಯವನ್ನು ಮರಳಿ ತರುವುದು. ಕಾಯುವ ಕೆಲಸವನ್ನು ನಾವು ಹಿಫ್ಝಾನೆ ಸೆಹತ್ ಎನ್ನುತ್ತೇವೆ. ಲಸಿಕೆ ಮಾಡುವುದು ಅದನ್ನೇ. ಸಿಡುಬು ಮತ್ತು ದಡಾರವನ್ನು ಬೇರೆ ಬೇರೆ ಕಾಯಿಲೆಗಳೆಂದು ವಿವರಿಸಿ ಗ್ರಂಥ ಬರೆದ ಅರ್ರಾಝಿ ಕೂಡ ನಮ್ಮ ಪರಂಪರೆಯವರೇ. ಕಣ್ಣಾರೆ ಕಂಡದ್ದನ್ನು ನಂಬಿ ನಡೆದವರ ಪರಂಪರೆ ಇದು. ಹೊಸದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ತಳ್ಳಿಹಾಕಿದ್ದಲ್ಲ.

ನಮ್ಮ ಗ್ರಂಥಗಳಲ್ಲಿ ವರ್ಷಕ್ಕೆ ನಾಲ್ಕು ಕಾಲ. ಅವುಗಳಲ್ಲಿ ಖರೀಫ್, ಅಂದರೆ ಶರತ್ಕಾಲ, ಕಾಯಿಲೆ ಹೆಚ್ಚು ತರುವಂಥದ್ದು. ಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ತಂಪಿಗೂ ನಡುವಿನ ಏರಿಳಿತ ಇದಕ್ಕೆ ಮುಖ್ಯ ಕಾರಣವೆಂದು ಹಿರಿಯರು ಬರೆದಿದ್ದಾರೆ. ಫ್ಲೂವಿಗೆ ಯುನಾನಿಯಲ್ಲಿ ನಝ್ಲಾ ವಬಾಇಯಾ ಎಂಬ ಹೆಸರಿದೆ. ವಬಾ ಎಂದರೆ ಊರಿಗೇ ಹರಡುವ ಪಿಡುಗು. ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಆ ಗ್ರಂಥಗಳು ಹೇಳುವುದು ಬುಖಾರಾ, ಇಸ್ಫಹಾನ್ ಕಡೆಯ ಒಣ ಶರತ್ಕಾಲದ ಬಗ್ಗೆ. ನಮ್ಮದು ತೇವದ ಶರತ್ಕಾಲ. ಮಳೆಗೆ ಹೆದರಿ ಕಿಟಕಿ ಬಾಗಿಲು ಮುಚ್ಚಿಕೊಂಡು ಏಳೆಂಟು ಜನ ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಅದೇ ಸೂರಿನಡಿ ಸೌದೆ ಒಲೆಯ ಹೊಗೆ. ಕಾಯಿಲೆ ಹರಡಲು ಇನ್ನೇನು ಬೇಕು? ಯುನಾನಿಯ ಆರು ಅಗತ್ಯಗಳಲ್ಲಿ ಮೊದಲನೆಯದು ಹವಾ, ಅಂದರೆ ಗಾಳಿ. ಊಟ, ನಿದ್ದೆ, ವ್ಯಾಯಾಮವೆಲ್ಲ ಅದರ ನಂತರ. ಮಳೆ ನಿಂತ ಗಳಿಗೆಯಲ್ಲಿ ಎದುರುಬದುರಿನ ಎರಡು ಕಿಟಕಿ ತೆರೆಯಿರಿ.

ಯಾವಾಗ, ಯಾರಿಗೆ?

ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಒಂದು ಮಳೆಗಾಲದಿಂದ ಅದರ ಕೊನೆಯವರೆಗೆ, ಇನ್ನೊಂದು ಜನವರಿಯಿಂದ ಮಾರ್ಚ್‌ವರೆಗೆ. ಹಿಂಗಾರು ಮಳೆ ಹೆಚ್ಚಿರುವ ಚೆನ್ನೈ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಅದು ಜೋರು. ನಮ್ಮ ಹನೂರು ಸೀಮೆಗೂ ಹಿಂಗಾರೇ ಆಸರೆ, ತಮಿಳುನಾಡಿನ ಗಡಿಯೂ ಹತ್ತಿರ. ಲಸಿಕೆ ಹಾಕಿಸಿಕೊಂಡ ದಿನವೇ ರಕ್ಷಣೆ ಸಿಗುವುದಿಲ್ಲ, ಸುಮಾರು ಎರಡು ವಾರ ಬೇಕು. ಆದ್ದರಿಂದ ಊರಲ್ಲಿ ಜ್ವರ ಎದ್ದ ಮೇಲೆ ಓಡುವ ಬದಲು ಮೊದಲೇ ಹೋಗಬೇಕು. ಏಪ್ರಿಲ್, ಮೇನಲ್ಲಿ ಹಾಕಿಸಿದ್ದರೆ ಉತ್ತಮ. ತಪ್ಪಿದ್ದರೆ ಈಗಲೂ ತಡವಲ್ಲ.

ಈಗ ಹಾಕಿಸಲು ಇನ್ನೊಂದು ಕಾರಣವಿದೆ. ಈ ವರ್ಷಗಳಲ್ಲಿ ರಮಝಾನ್ ಫೆಬ್ರವರಿಯ ಆಸುಪಾಸಿನಲ್ಲಿ ಬರುತ್ತಿದೆ, ಅಂದರೆ ಫ್ಲೂವಿನ ಎರಡನೇ ಏರಿಕೆಯ ನಟ್ಟನಡುವೆ. ತರಾವೀಹ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ಒಂದು ಗಂಟೆ ನಿಲ್ಲುತ್ತೇವೆ, ಇಫ್ತಾರ್‌ಗೆ ಒಂದೇ ತಟ್ಟೆಯ ಸುತ್ತ ಕೂರುತ್ತೇವೆ. ಉಪವಾಸ ಹಿಡಿದ ಹಿರಿಯರಿಗೆ ಆಗ ಜ್ವರ ಬಂದರೆ ಉಪವಾಸವೂ ತಪ್ಪುತ್ತದೆ, ಆರೋಗ್ಯವೂ ಕೆಡುತ್ತದೆ. ಅಕ್ಟೋಬರ್‌ನಲ್ಲಿ ಹಾಕಿಸಿದ ಲಸಿಕೆ ಆ ದಿನಗಳವರೆಗೂ ಆಸರೆಯಾಗುತ್ತದೆ. ಉಮ್ರಾಕ್ಕೆ ಹೊರಟವರೂ ಇದನ್ನು ಗಮನಿಸಿ. ಹಜ್‌ಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯವೆಂದು ಎಲ್ಲರಿಗೂ ಗೊತ್ತು. ಫ್ಲೂ ಲಸಿಕೆಯನ್ನೂ, ಮುಖ್ಯವಾಗಿ ವಯಸ್ಸಾದವರಿಗೆ ಮತ್ತು ಬೇರೆ ಕಾಯಿಲೆ ಇರುವವರಿಗೆ, ಸಲಹೆ ಮಾಡಲಾಗುತ್ತದೆ.

ಪ್ರತಿ ವರ್ಷ ಯಾಕೆ ಹಾಕಿಸಬೇಕು? ಈ ವೈರಸ್ ತನ್ನ ವೇಷ ಬದಲಾಯಿಸುತ್ತಲೇ ಇರುತ್ತದೆ, ನಮ್ಮ ಮೈಯಲ್ಲಿನ ರಕ್ಷಣೆಯೂ ತಿಂಗಳು ಕಳೆದಂತೆ ತಗ್ಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಹೇಳುತ್ತದೆ. ಪೆಟ್ಟಿಗೆಯ ಮೇಲೆ ಯಾವ ವರ್ಷದ್ದೆಂದು ಬರೆದಿರುತ್ತದೆ, ನೋಡಿ ಹಾಕಿಸಿಕೊಳ್ಳಿ. ಮೊದಲು ನಾಲ್ಕು ತಳಿಗಳ ಲಸಿಕೆ ಇತ್ತು, ಈಗ ಮೂರು ತಳಿಗಳದ್ದು ಬರುತ್ತಿದೆ. ಏನೋ ಕಡಿಮೆ ಮಾಡಿದ್ದಾರೆಂದು ಅನುಮಾನ ಬೇಡ. ನಾಲ್ಕನೆಯ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲೆಲ್ಲೂ ಕಾಣಿಸಿಕೊಂಡಿಲ್ಲ.

ಲಸಿಕೆ ಹಾಕಿಸಿದರೆ ಫ್ಲೂ ಬರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ತಳಿ ಹೊಂದಿಕೆಯಾದ ವರ್ಷಗಳಲ್ಲಿ ವೈದ್ಯರ ಬಳಿ ಹೋಗುವಷ್ಟು ಕಾಯಿಲೆ ಬೀಳುವ ಸಾಧ್ಯತೆಯನ್ನು ಅದು ಶೇ. 40ರಿಂದ 60ರಷ್ಟು ತಗ್ಗಿಸುತ್ತದೆ. ಬಂದರೂ ಆಸ್ಪತ್ರೆ ಸೇರುವ ಹಂತ ಮುಟ್ಟುವುದು ಕಡಿಮೆ. ಆರು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಎಲ್ಲ ವಯಸ್ಸಿನವರಿಗೂ ಕೊಡಬಹುದು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಬಸುರಿಯರಿಗೆ ಯಾವ ತಿಂಗಳಲ್ಲಾದರೂ ಚುಚ್ಚುಮದ್ದಿನ ಲಸಿಕೆ ಸುರಕ್ಷಿತ, ಮತ್ತು ತಾಯಿಯಿಂದ ರಕ್ಷಣೆ ಹೊಟ್ಟೆಯ ಕೂಸಿಗೂ ದಾಟುತ್ತದೆ. ಹುಟ್ಟಿದ ಮಗುವಿಗೆ ಆರು ತಿಂಗಳವರೆಗೆ ಲಸಿಕೆ ಹಾಕಲಾಗದು, ಹಾಗಾಗಿ ತಾಯಿ ಹೊಟ್ಟೆಯಲ್ಲಿದ್ದಾಗಲೇ ಕೊಟ್ಟು ಕಳಿಸುವ ಈ ರಕ್ಷಣೆಗೆ ಬೆಲೆ ಕಟ್ಟಲಾಗದು.

ಹಾಕಿಸಿಕೊಂಡ ಮೇಲೆ ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಅದು ಫ್ಲೂ ಅಲ್ಲ. ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ. ಹಿಂದೆ ಯಾವುದಾದರೂ ಲಸಿಕೆಗೆ ಮೈ ಊದಿಕೊಂಡು ಉಸಿರು ಕಟ್ಟಿದ್ದರೆ, ಕೋಳಿಮೊಟ್ಟೆಯ ಅಲರ್ಜಿ ಇದ್ದರೆ, ಗಿಲಿಯನ್ ಬಾರ್ ಎಂಬ ನರದ ಕಾಯಿಲೆ ಬಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಜೋರು ಜ್ವರ ಇರುವಾಗ ಹಾಕಿಸಬೇಡಿ, ಇಳಿಯಲಿ.

ನಮ್ಮ ಮನೆಗಳ ಸಂಶಯಗಳು

"ಅದರಲ್ಲಿ ಹರಾಮ್ ವಸ್ತು ಇರುತ್ತದಂತೆ" ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಈ ಸಂಶಯವನ್ನು ಗೇಲಿ ಮಾಡುವುದು ತಪ್ಪು. ತಿನ್ನುವ, ಕುಡಿಯುವ, ಮೈಗೆ ಸೇರುವ ವಸ್ತುವಿನ ಬಗ್ಗೆ ವಿಚಾರಿಸುವುದು ಮುಸ್ಲಿಮನ ಒಳ್ಳೆಯ ಗುಣ. ಹಾಗಾದರೆ ವಿಚಾರಿಸೋಣ. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿ, ಕೊಂದು, ಶುದ್ಧ ಮಾಡುತ್ತಾರೆ. ಹಂದಿಯ ಜೆಲಟಿನ್ ಎಂಬ ಮಾತು ಬಂದದ್ದು ಮುಖ್ಯವಾಗಿ ಮೂಗಿಗೆ ಸಿಂಪಡಿಸುವ ಲಸಿಕೆಯಿಂದ. ಬ್ರಿಟನ್ನಿನಲ್ಲಿ ಮಕ್ಕಳಿಗೆ ಕೊಡುವ ಆ ಲಸಿಕೆಯಲ್ಲಿ ಅದಿದೆ, ಬೇಡವೆನ್ನುವ ತಂದೆತಾಯಿಯರಿಗೆ ಅಲ್ಲಿ ಜೆಲಟಿನ್ ಇಲ್ಲದ ಚುಚ್ಚುಮದ್ದು ಕೊಡುತ್ತಾರೆ. ಚುಚ್ಚುಮದ್ದಿನ ಫ್ಲೂ ಲಸಿಕೆಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುವುದಿಲ್ಲ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಎಲ್ಲ ವಸ್ತುಗಳ ಹೆಸರಿರುತ್ತದೆ, ವೈದ್ಯರಿಂದ ಓದಿಸಿಕೊಳ್ಳಿ. ಔಷಧದಲ್ಲಿ ಬಳಸುವ ಜೆಲಟಿನ್ ವಿಚಾರವನ್ನೂ ಉಲಮಾಗಳು ಕೈಬಿಟ್ಟಿಲ್ಲ. 1995ರಲ್ಲಿ ಕುವೈತ್‌ನಲ್ಲಿ ಸೇರಿದ ವಿದ್ವಾಂಸರು ಮತ್ತು ವೈದ್ಯರು, ಮೂಲ ವಸ್ತು ಪೂರ್ತಿ ಬೇರೆಯದಾಗಿ ಮಾರ್ಪಟ್ಟಾಗ, ಅಂದರೆ ಇಸ್ತಿಹಾಲ ಆದಾಗ, ಅದು ಅನುಮತಿಸಲ್ಪಟ್ಟದ್ದೆಂಬ ನಿಲುವಿಗೆ ಬಂದರು. ಇನ್ನೂ ಮನಸ್ಸು ಒಪ್ಪದಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ. ವಾಟ್ಸಪ್ಪನ್ನು ಕೇಳಬೇಡಿ.

ವಾಟ್ಸಪ್ಪಿನದೇ ಇನ್ನೊಂದು ಕಥೆ, ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬುದು. ಪೋಲಿಯೊ ಹನಿಯ ಬಗ್ಗೆಯೂ ಇದನ್ನೇ ಹೇಳಿದ್ದರು. ಹನಿ ಕುಡಿದ ಮಕ್ಕಳು ಬೆಳೆದು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದಾರೆ. 2014ರಲ್ಲಿ ದೇಶ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು.

ಉಪವಾಸದ ಪ್ರಶ್ನೆಗೆ ಬಹುತೇಕ ವಿದ್ವಾಂಸರ ಉತ್ತರ ಸರಳ: ಪೋಷಣೆ ನೀಡದ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲ. ಇನ್ನು ತಖ್ದೀರ್‌ನ ಮಾತು. ಅಲ್ಲಾಹನು ಬರೆದದ್ದು ಆಗುತ್ತದೆ, ಲಸಿಕೆ ಯಾಕೆ ಎನ್ನುವವರಿಗೆ ಒಂಟೆಯನ್ನು ಕಟ್ಟಿಯೇ ಅಲ್ಲಾಹನಲ್ಲಿ ಭರವಸೆಯಿಡುವಂತೆ ಪ್ರವಾದಿ(ಸ) ಕಲಿಸಿದ ಪ್ರಸಂಗ ಗೊತ್ತೇ ಇದೆ. ನಮ್ಮ ಕಡೆಯ ಒಂದು ಉದಾಹರಣೆಯನ್ನೂ ಹೇಳುತ್ತೇನೆ. ರೇಷ್ಮೆ ಹುಳು ಸಾಕುವವರು ಹುಳುಮನೆಯನ್ನು ತೊಳೆದು, ಬ್ಲೀಚಿಂಗ್ ಪೌಡರ್ ನೀರು ಹೊಡೆದ ಮೇಲೆಯೇ ಹುಳು ತರುತ್ತಾರೆ. ಹಾಲುತೊಂಡೆ ರೋಗ ಬಂದ ಮೇಲೆ ಹೊಡೆದರೆ ಆ ಬೆಳೆ ಕೈಗೆ ಬರುವುದಿಲ್ಲವೆಂದು ಅವರಿಗೆ ಗೊತ್ತು. ಹಸು ಎಮ್ಮೆಗಳಿಗೆ ಕಾಲುಬಾಯಿ ರೋಗದ ಲಸಿಕೆಗೆ ಹಗ್ಗ ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ. ಅಮ್ಮಿಗೆ ಲಸಿಕೆ ಎಂದಾಗ ಮಾತ್ರ ತಖ್ದೀರ್ ನೆನಪಾಗುತ್ತದೆ.

ಹಣ, ಐಸು, ಬಸ್ಸು

ನಿಜವಾದ ತೊಡಕು ಇಲ್ಲಿದೆ. ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಇತರ ಲಸಿಕೆಗಳು ಉಚಿತವಾಗಿ ಸಿಗುವಂತೆ ಇದು ಸಿಗುವುದಿಲ್ಲ. ಖಾಸಗಿಯಲ್ಲಿ ಒಂದು ಡೋಸ್‌ಗೆ ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸು. ಆರು ಜನರ ಮನೆಗೆ ಇದು ಸಣ್ಣ ಮೊತ್ತವಲ್ಲ, ಕೂಲಿ ಮಾಡುವವರಿಗಂತೂ ಅಲ್ಲವೇ ಅಲ್ಲ. ಸರ್ಕಾರ ಕನಿಷ್ಠ ಬಸುರಿಯರಿಗೆ ಮತ್ತು ಸಕ್ಕರೆ ಕಾಯಿಲೆಯ ಹಿರಿಯರಿಗಾದರೂ ಉಚಿತವಾಗಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಎಲ್ಲರಿಗೂ ಆಗದಿದ್ದರೆ ಮೊದಲು ಬಸುರಿಗೆ, ನಂತರ ಸಕ್ಕರೆ ಅಥವಾ ದಮ್ಮು ಇರುವ ಹಿರಿಯರಿಗೆ, ಆಮೇಲೆ ಚಿಕ್ಕ ಮಗುವಿಗೆ ಹಾಕಿಸಿ. ಗಟ್ಟಿಮುಟ್ಟಾದ ಯುವಕರು ಕಾಯಬಹುದು.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಕೊಳ್ಳೇಗಾಲದ ಅಂಗಡಿಯಲ್ಲಿ ಕೊಂಡು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ ಲೊಕ್ಕನಹಳ್ಳಿ ಮುಟ್ಟುವಷ್ಟರಲ್ಲಿ ಅದು ಕೆಟ್ಟಿರಬಹುದು. ಐಸಿಗೆ ನೇರ ತಾಗಿಸಿ ತಂದರೆ ಹೆಪ್ಪುಗಟ್ಟಿ ಕೆಡುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ, ಅದೇ ಕಷ್ಟ. ಆದ್ದರಿಂದ ಲಸಿಕೆ ದಾಸ್ತಾನು ಇರುವ ಆಸ್ಪತ್ರೆಗೆ ನೀವೇ ಹೋಗಿ ಹಾಕಿಸಿಕೊಳ್ಳುವುದು ಮೇಲು. ಹೊರಡುವ ಮುಂಚೆ ಫೋನ್ ಮಾಡಿ ಇದೆಯೇ ಎಂದು ಕೇಳಿ. ಇನ್ನೂ ಒಳ್ಳೆಯ ದಾರಿಯೆಂದರೆ ಮಸೀದಿಯ ಜಮಾಅತ್ ಇಪ್ಪತ್ತು ಮೂವತ್ತು ಹೆಸರು ಬರೆದುಕೊಂಡು, ಸರಿಯಾದ ಐಸ್ ಪೆಟ್ಟಿಗೆಯೊಂದಿಗೆ ವೈದ್ಯರನ್ನೇ ಊರಿಗೆ ಕರೆಸುವುದು. ಇಷ್ಟು ಜನ ಒಟ್ಟಿಗೆ ಸೇರಿದರೆ ಬೆಲೆ ತಗ್ಗಿಸಿ ಕೊಡುವಂತೆ ಕೇಳಬಹುದು. ಊರಿನ ಉಳ್ಳವರು ಒಬ್ಬ ಬಡ ಹಿರಿಯರ ಲಸಿಕೆಯ ಖರ್ಚನ್ನು ಸದಖಾ ಎಂದು ಹೊತ್ತುಕೊಳ್ಳಲಿ. ಅಕ್ಕಪಕ್ಕದ ಮುಸ್ಲಿಮೇತರ ಮನೆಗಳ ಹೆಸರನ್ನೂ ಬರೆದುಕೊಳ್ಳಿ, ಫ್ಲೂ ಗೋಡೆ ನೋಡಿ ನಿಲ್ಲುವುದಿಲ್ಲ.

ಈಗ ಜೋಶಾಂದ

ಬಿಹಿದಾನ, ಉನ್ನಾಬ್, ಸಪಿಸ್ತಾನ್ ಇವು ಜೋಶಾಂದದ ಹಳೆಯ ಮೂವರು ಜೊತೆಗಾರರು. ಉನ್ನಾಬ್ ನಮ್ಮ ಎಲಚಿಯ ಜಾತಿಯದು. ಸಪಿಸ್ತಾನ್ ಎಂದರೆ ಹೊಲದ ಬದುವಿನ ಚಳ್ಳೆಹಣ್ಣೇ, ಮಕ್ಕಳು ಅದರ ಅಂಟಿನಿಂದ ಪುಸ್ತಕದ ಹಾಳೆ ಅಂಟಿಸುತ್ತಿದ್ದರಲ್ಲ, ಅದು. ಆ ಅಂಟೇ ಕೆರೆಯುವ ಗಂಟಲಿಗೆ ಹಿತ. ಮೂರು ಗ್ರಾಂ ಬಿಹಿದಾನ, ಏಳು ಉನ್ನಾಬ್, ಏಳು ಸಪಿಸ್ತಾನ್ ನೀರಿಗೆ ಹಾಕಿ ಕುದಿಸಿ, ಸೋಸಿ, ಬೆಚ್ಚಗಿರುವಾಗ ಗುಟುಕು ಗುಟುಕಾಗಿ ಕುಡಿಯಿರಿ. ಗಂಟಲು ಸಡಿಲವಾಗುತ್ತದೆ, ಕಫ ಬಿಡುತ್ತದೆ, ನಿದ್ದೆ ಬರುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಇದು ಫ್ಲೂ ಬರದಂತೆ ತಡೆಯುವುದಿಲ್ಲ. ಲಸಿಕೆ ಬೇಡ, ದಿನಾ ಜೋಶಾಂದ ಕುಡಿಯುತ್ತೇನೆ ಎನ್ನುವುದು ಛತ್ರಿ ಬೇಡ, ಟವೆಲ್ ಇದೆ ಎಂದಂತೆ.

ಎರಡು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಶರಬತ್, ಖಮೀರಾಗಳಲ್ಲಿ ಸಕ್ಕರೆ ತುಂಬಿರುತ್ತದೆ. ಯುನಾನಿ ಮದ್ದಲ್ಲವೇ, ಏನೂ ಆಗುವುದಿಲ್ಲ ಎಂದು ಸಕ್ಕರೆ ಕಾಯಿಲೆಯವರು ಚಮಚದ ಮೇಲೆ ಚಮಚ ತೆಗೆದುಕೊಳ್ಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಿಗೆ ಸಿಹಿ ಹಾಕದ ಕಷಾಯ ಮಾತ್ರ. ಇನ್ನು ಅತಿಮಧುರ, ಅಂದರೆ ಮುಲೇಠಿ, ದಿನವೂ ಹೆಚ್ಚು ಸೇವಿಸಿದರೆ ಬಿ.ಪಿ. ಏರಿಸುತ್ತದೆ. ಬಿ.ಪಿ. ಮಾತ್ರೆ ನುಂಗುವವರು ಅದನ್ನು ಬಿಟ್ಟುಬಿಡಿ. ಹಬೆ ತೆಗೆದುಕೊಳ್ಳುವಾಗ ಮಕ್ಕಳನ್ನು ಕುದಿಯುವ ಪಾತ್ರೆಯ ಮೇಲೆ ಬಗ್ಗಿಸಲೇಬೇಡಿ, ಪಾತ್ರೆ ಮಗುಚಿ ಸುಟ್ಟುಕೊಂಡರೆ ನೆಗಡಿಗಿಂತ ದೊಡ್ಡ ಸಂಕಟ. ಜ್ವರಕ್ಕೆ ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಬೇಡ. ಮೆಡಿಕಲ್ ಶಾಪಿನಿಂದ ಕೇಳಿ ತರುವ ಆಂಟಿಬಯಾಟಿಕ್ ಫ್ಲೂ ವೈರಸ್ಸಿಗೆ ತಾಗುವುದೇ ಇಲ್ಲ.

ಜ್ವರ ಕೆಮ್ಮು ಇರುವವರು ಮನೆಯಲ್ಲೇ ನಮಾಝ್ ಮಾಡಲಿ, ಕಾಯಿಲೆ ಜಮಾಅತ್ತಿಗೆ ಬರದಿರಲು ಒಪ್ಪಿತ ಕಾರಣ. ಹಸಿ ಬೆಳ್ಳುಳ್ಳಿಯ ವಾಸನೆಯಿಂದ ಪಕ್ಕದವರಿಗೆ ತೊಂದರೆಯಾಗದಿರಲೆಂದು ಮಸೀದಿಯಿಂದ ದೂರವಿರಲು ಹೇಳಿದ ದೀನ್ ನಮ್ಮದು. ಸಲಾಂ ಹೇಳಿ, ಮುಸಾಫಹಾ ನಾಲ್ಕು ದಿನ ಕಳೆದು ಮಾಡಿ. ಸೀನುವಾಗ ಪ್ರವಾದಿ(ಸ) ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದರು. ಬಟ್ಟೆ ಇಲ್ಲದಿದ್ದರೆ ಮೊಣಕೈ ಮಡಿಸಿ ಸೀನಿ. ವುಝೂಗೆ ಹೌಝ್‌ಗಿಂತ ಹರಿಯುವ ನಲ್ಲಿ ಈ ದಿನಗಳಲ್ಲಿ ಒಳ್ಳೆಯದು, ಸೋಪು ಇಡುವ ಜವಾಬ್ದಾರಿ ಕಮಿಟಿಯದು.

ಮನೆಯಲ್ಲಿ ಯಾರಿಗಾದರೂ ಉಸಿರು ಮೇಲುಮೇಲಾದರೆ, ಎದೆ ನೋವಿದ್ದರೆ, ತುಟಿ ನೀಲಿಯಾದರೆ, ಮಾತು ತಡವರಿಸಿ ಮಂಪರು ಕವಿದರೆ, ಇಳಿದ ಜ್ವರ ಎರಡು ದಿನ ಬಿಟ್ಟು ಮತ್ತೆ ಏರಿದರೆ ಅದು ಕಷಾಯದ ಹೊತ್ತಲ್ಲ. ಮಗು ಹಾಲು ಬಿಟ್ಟರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಬಸುರಿಯರು, ಹಿರಿಯರು, ಸಕ್ಕರೆ ಅಥವಾ ದಮ್ಮು ಇರುವವರು ಇಷ್ಟೆಲ್ಲ ಆಗುವವರೆಗೂ ಕಾಯದೆ, ಫ್ಲೂ ಲಕ್ಷಣ ಕಂಡ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಒಸೆಲ್ಟಮಿವಿರ್ ಎಂಬ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ. ಹೋಗುವಾಗ ಈಗಾಗಲೇ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ, ಯುನಾನಿ ಮದ್ದಿನ ಚೀಟಿಯನ್ನೂ ಜೊತೆಗೆ ಒಯ್ಯಿರಿ.